"ಅಮ್ಮ ಹೀಗೆ ಜಡೆ ಹಾಕಲ್ಲ"

ಪ್ರಶ್ನೆ: ನನಗೆ 34 ವರ್ಷ, ಊರು ಮೈಸೂರು. ಮದುವೆಯಾಗಿ ಒಂದೂವರೆ ವರ್ಷವಾಯಿತು. ನನಗಿದು ಮೊದಲನೆಯದು, ನನ್ನವರಿಗೆ ಎರಡನೆಯದು. ಅವರ ಒಂಬತ್ತು ವರ್ಷದ ಮಗಳು ನಮ್ಮ ಜೊತೆಗಿದ್ದಾಳೆ. ಅವಳ ಅಮ್ಮ ಹಾಸನದಲ್ಲಿದ್ದಾರೆ. ಎರಡು ವಾರಕ್ಕೊಮ್ಮೆ ಶನಿವಾರ, ಭಾನುವಾರ ಮತ್ತು ದಸರಾ ರಜೆಗೆ ಅಲ್ಲಿಗೆ ಹೋಗುತ್ತಾಳೆ. ನನ್ನನ್ನು 'ಆಂಟಿ' ಅನ್ನುತ್ತಾಳೆ. 'ಅಮ್ಮ' ಅನ್ನಿಸಬೇಕು, ಶಾಲೆಯ ಫಾರ್ಮಿನಲ್ಲೂ ತಾಯಿಯ ಜಾಗದಲ್ಲಿ ನಿನ್ನ ಹೆಸರೇ ಬರಬೇಕು ಎಂದು ಅತ್ತೆಯ ಹಟ. ಬೆಳಗ್ಗೆ ನಾನು ಜಡೆ ಹಾಕಿದರೆ "ಅಮ್ಮ ಹೀಗೆ ಹಾಕಲ್ಲ" ಎಂದು ಬಿಚ್ಚಿಬಿಡುತ್ತಾಳೆ. ಹಾಸನದಿಂದ ಬಂದ ದಿನವಂತೂ ನನ್ನ ಮುಖ ಕಂಡರಾಗದು. ಗೆಳತಿ ಹೇಳಿದಳೆಂದು 'ಸ್ಟೆಪ್‌ಮಾಮ್' ಸಿನಿಮಾ ನೋಡಿ ತುಂಬಾ ಅತ್ತೆ. ಅದರಲ್ಲಿ ಕೊನೆಗೆ ಎಲ್ಲ ಸರಿಹೋಗುತ್ತದೆ. ನಮ್ಮ ಮನೆಯಲ್ಲಿ ಯಾಕಾಗುತ್ತಿಲ್ಲ? ಮಗುವಿಗೂ ಅದನ್ನು ತೋರಿಸಿದರೆ ನನ್ನ ಮನಸ್ಸು ಅರ್ಥವಾದೀತೆ? ಮುಂದಿನ ತಿಂಗಳು ಅವಳ ಹುಟ್ಟುಹಬ್ಬ, ಅಮ್ಮನೂ ಬರುತ್ತಾರೆ. ನಾನು ಎಲ್ಲಿ ನಿಲ್ಲಲಿ?

ಉತ್ತರ: ನಿಮ್ಮ ಪತ್ರದಲ್ಲಿ ಸಿನಿಮಾಕ್ಕಿಂತ ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಜಡೆ. ನೀವು ಅದನ್ನು ಸೋಲು ಎಂದುಕೊಂಡಿದ್ದೀರಿ. ಇಂಥ ಮನೆಗಳವರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ನನಗದು ಬೇರೆಯಾಗಿ ಕಂಡಿತು. ಅವಳು ನಿಮ್ಮ ಮುಂದೆ ತಲೆ ಕೊಟ್ಟು ಕೂರುತ್ತಿದ್ದಾಳೆ. ಒಂಬತ್ತು ವರ್ಷದ ಹುಡುಗಿ ಭಯವಿರುವವರ ಕೈಗೆ, ಬೇಡವಾದವರ ಕೈಗೆ ಅಷ್ಟು ಸುಲಭವಾಗಿ ತನ್ನ ಕೂದಲು ಕೊಡುವುದಿಲ್ಲ. ನೀವು ಹೆಣೆದು ಮುಗಿಸುವವರೆಗೆ ಕೂತಿದ್ದು, ಆಮೇಲೆ ಕನ್ನಡಿಯಲ್ಲಿ ನೋಡಿ ಅಮ್ಮನ ನೆನಪಾಗಿ ಬಿಚ್ಚುತ್ತಾಳೆ. ಕೂತದ್ದು ನಿಮಗಾಗಿ, ಬಿಚ್ಚಿದ್ದು ಅಮ್ಮನಿಗಾಗಿ. ಎರಡೂ ನಿಜ.

ಈಗ ಸಿನಿಮಾಕ್ಕೆ ಬರೋಣ. ನೋಡದ ಓದುಗರಿಗಾಗಿ ಎರಡು ಮಾತು. ಕ್ರಿಸ್ ಕೊಲಂಬಸ್ ನಿರ್ದೇಶಿಸಿದ ಈ ಚಿತ್ರ ಬಂದದ್ದು 1998ರ ಡಿಸೆಂಬರಿನಲ್ಲಿ. ಕತೆ ನಡೆಯುವುದು ನ್ಯೂಯಾರ್ಕ್ ಸುತ್ತಮುತ್ತ. ಲ್ಯೂಕ್ ಮತ್ತು ಜಾಕಿ ಬೇರೆಯಾಗಿದ್ದಾರೆ. ಅವರಿಗೆ ಹನ್ನೆರಡು ವರ್ಷದ ಆನಾ, ಏಳು ವರ್ಷದ ಬೆನ್ ಎಂಬ ಇಬ್ಬರು ಮಕ್ಕಳು. ಲ್ಯೂಕ್ ಈಗ ಇಸಬೆಲ್ ಎಂಬ ಛಾಯಾಗ್ರಾಹಕಿಯ ಜೊತೆಗಿದ್ದಾನೆ. ಜಾಕಿಯಾಗಿ ಸೂಸನ್ ಸರಂಡನ್, ಇಸಬೆಲ್ ಆಗಿ ಜೂಲಿಯಾ ರಾಬರ್ಟ್ಸ್. ಮೊದಲರ್ಧ ನಗಿಸುತ್ತದೆ: ಬೆಳಗಿನ ಶಾಲೆಯ ಗಡಿಬಿಡಿ, ಬೆನ್‌ನ ಜಾದೂ ಆಟ, ಹಲ್ಲು ಕಚ್ಚಿಕೊಂಡು ಮಾತಾಡುವ ಇಬ್ಬರು ಹೆಂಗಸರು. ಆಮೇಲೆ ಜಾಕಿಗೆ ಕ್ಯಾನ್ಸರ್ ಎಂದು ತಿಳಿಯುತ್ತದೆ. ಇದನ್ನೇ 2010ರಲ್ಲಿ ಹಿಂದಿಯಲ್ಲಿ 'ವಿ ಆರ್ ಫ್ಯಾಮಿಲಿ' ಎಂದು ತೆಗೆದರು, ಕಾಜೋಲ್ ಮತ್ತು ಕರೀನಾ ಕಪೂರ್ ನಟಿಸಿದ್ದರು. ನಮ್ಮಲ್ಲಿ ಅನೇಕರು ನೋಡಿರುವುದು ಅದನ್ನೇ.

ಈ ಚಿತ್ರದಲ್ಲಿ ಒಂದು ಕ್ಷಣವಿದೆ. ನನ್ನ ಬಳಿ ಬರುವ ಪ್ರತಿ ದಂಪತಿಗೂ ನಾನು ಅದನ್ನು ಹೇಳುತ್ತೇನೆ. ಬೆನ್ ತನ್ನ ಅಮ್ಮನ ಜೊತೆ ಒಬ್ಬನೇ ಇರುವಾಗ ಇಸಬೆಲ್‌ಳ ಮಾತು ಬರುತ್ತದೆ. ಅವನಿಗೆ ಇಸಬೆಲ್ ಇಷ್ಟ. ಅಮ್ಮನ ದನಿ ಬದಲಾದದ್ದು ಅವನಿಗೆ ತಿಳಿಯುತ್ತದೆ. ಆಗ ಆ ಮಗು, ನೀನು ಹೇಳಿದರೆ ನಾನು ಅವಳನ್ನು ದ್ವೇಷಿಸುತ್ತೇನೆ ಎಂಬರ್ಥದ ಮಾತು ಹೇಳುತ್ತದೆ. ಅವನ ದನಿಯಲ್ಲಿ ಸಿಟ್ಟಿಲ್ಲ, ತಂಟೆಯಿಲ್ಲ. ಅಮ್ಮನಿಗೆ ಒಂದು ಉಡುಗೊರೆ ಕೊಡುವ ಹಾಗೆ ಹೇಳುತ್ತಾನೆ. ಜಾಕಿಯ ಮುಖ ನೋಡಿ ಆ ಹೊತ್ತಿನಲ್ಲಿ. ಮಗನ ತಲೆಯ ಮೇಲೆ ತಾನು ಎಂಥ ಭಾರ ಹೇರಿದ್ದೇನೆಂದು ಅವಳಿಗೆ ಅಲ್ಲೇ ಗೊತ್ತಾಗುತ್ತದೆ.

ನಿಮ್ಮ ಮನೆಯ ಭಾನುವಾರದ ಸಂಜೆಗೆ ಉತ್ತರ ಇಲ್ಲಿದೆ. ಹಾಸನದ ಬಸ್ಸಿಳಿದು ಬಂದ ಮಗು ಎರಡು ದಿನ ಅಮ್ಮನ ಮಡಿಲಲ್ಲಿ ಇದ್ದು ಬಂದಿದೆ. ಮನೆಗೆ ಬಂದ ಕೂಡಲೇ ನಿಮ್ಮನ್ನು ನೋಡಿ ನಕ್ಕರೆ, ನೀವು ಮಾಡಿದ ದೋಸೆ ಚೆನ್ನಾಗಿದೆ ಅಂದರೆ, ಅಲ್ಲಿ ಅತ್ತು ಕಳಿಸಿದ ಅಮ್ಮನಿಗೆ ದ್ರೋಹ ಮಾಡಿದ ಹಾಗೆ ಅದಕ್ಕೆ ಅನಿಸುತ್ತದೆ. ಅದನ್ನು ಹೇಳಲು ಒಂಬತ್ತು ವರ್ಷದ ಬಾಯಿಗೆ ಮಾತು ಸಿಗುವುದಿಲ್ಲ, ಮುಖ ಗಂಟುಹಾಕಿಕೊಳ್ಳುತ್ತದೆ. ಎಷ್ಟೋ ಸಲ ಮಲತಾಯಿ ಒಳ್ಳೆಯವಳಾದಷ್ಟೂ ಮಗುವಿನ ಸಂಕಟ ಜಾಸ್ತಿ. ಕೆಟ್ಟವರನ್ನು ದೂರ ಇಡುವುದು ಸುಲಭ, ಒಳ್ಳೆಯವರನ್ನು ದೂರ ಇಡಲು ದಿನವೂ ಜಗಳ ಮಾಡಬೇಕಾಗುತ್ತದೆ.

ಹಾಗಾಗಿ ಭಾನುವಾರ ಸಂಜೆ ನೀವು ಮಾಡಬೇಕಾದ್ದು ಬಹಳ ಕಡಿಮೆ. "ಏನೇನು ಮಾಡಿದೆ, ಅಮ್ಮ ಏನಂದರು, ಅಜ್ಜಿ ನನ್ನ ಬಗ್ಗೆ ಕೇಳಿದರಾ" ಎಂದು ಕೇಳಬೇಡಿ. ಬಸ್‌ಸ್ಟ್ಯಾಂಡಿಗೆ ಅಪ್ಪನೇ ಹೋಗಲಿ. ಮನೆಯಲ್ಲಿ ಬಿಸಿ ಅನ್ನ ಸಾರು ಇರಲಿ, ಅವಳು ಒಂದು ಗಂಟೆ ಕೋಣೆಯಲ್ಲಿ ಒಬ್ಬಳೇ ಇದ್ದರೆ ಇರಲಿ. ಹಾಸನದಿಂದ ತಂದ ಬಟ್ಟೆ, ಆಟಿಕೆ, ತಿಂಡಿ ಡಬ್ಬ ಏನಿದ್ದರೂ ಅದಕ್ಕೆ ಮನೆಯಲ್ಲಿ ಗೌರವದ ಜಾಗ ಕೊಡಿ. ಅಮ್ಮ ಕಟ್ಟಿಕೊಟ್ಟ ಚಕ್ಕುಲಿಯನ್ನು ಸೋಮವಾರ ಶಾಲೆಯ ಡಬ್ಬಿಗೆ ನೀವೇ ಹಾಕಿಕೊಡಿ. ನೀವು ಒಂದು ಮಾತೂ ಆಡದಿದ್ದರೂ ಅವಳಿಗೆ ವಿಷಯ ಮುಟ್ಟುತ್ತದೆ: ಈ ಮನೆಯಲ್ಲಿ ಅಮ್ಮನನ್ನು ಬಚ್ಚಿಡಬೇಕಾಗಿಲ್ಲ.

ಇನ್ನು ಜಡೆ. ನಾಳೆ ಅವಳು ಬಿಚ್ಚಿದಾಗ "ಅಮ್ಮ ಹೇಗೆ ಹಾಕ್ತಾರೆ? ತೋರ್ಸು ನೋಡೋಣ" ಅನ್ನಿ. ಮೊದಲ ದಿನ ಭುಜ ಕುಣಿಸಿ ಹೊರಟುಹೋಗಬಹುದು, ಹೋಗಲಿ. ಇನ್ನೊಂದು ದಿನ ಕೇಳಿ. ಬೈತಲೆ ಎಲ್ಲಿಂದ ತೆಗೆಯಬೇಕು, ಜಡೆ ಕಿವಿಯ ಹಿಂದಿನಿಂದ ಶುರುವಾಗಬೇಕೋ ಮೇಲಿನಿಂದಲೋ, ರಿಬ್ಬನ್ ಮಡಿಸಿ ಕಟ್ಟುವುದೋ ಹೂವಿನ ಹಾಗೆ ಬಿಡಿಸುವುದೋ, ಇದೆಲ್ಲ ಅವಳಿಗೆ ಬಾಯಿಪಾಠವಾಗಿರುತ್ತದೆ. ಹೇಳುತ್ತಾ ಹೇಳುತ್ತಾ ಅವಳು ನಿಮಗೆ ಗುರುವಾಗುತ್ತಾಳೆ. ಅಮ್ಮನ ವಿದ್ಯೆ ನಿಮ್ಮ ಕೈಗೆ ಬರುತ್ತದೆ, ಅದೂ ಮಗುವಿನ ಮೂಲಕ. ನಿಮ್ಮದೇ ಹೊಸ ಬಗೆಯ ಜಡೆ ಹಾಕಿ ಮೆಚ್ಚಿಸಲು ಹೋದರೆ ಪೈಪೋಟಿಯಾಗುತ್ತದೆ. ಆ ಪೈಪೋಟಿಯಲ್ಲಿ ನೀವು ಗೆಲ್ಲಲಾರಿರಿ, ಗೆಲ್ಲಲೂಬಾರದು.

'ಯಾಕಾಗುತ್ತಿಲ್ಲ' ಎಂಬ ನಿಮ್ಮ ಪ್ರಶ್ನೆಗೆ ಇನ್ನೊಂದು ಉತ್ತರವಿದೆ: ಕಾಲ. ಸಿನಿಮಾ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಪೆಟ್ರೀಷಿಯಾ ಪೇಪರ್ನೋ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಇಂಥ ಕುಟುಂಬಗಳನ್ನೇ ದಶಕಗಳ ಕಾಲ ನೋಡಿ ಬರೆದವರು. ಅವರ ಲೆಕ್ಕದಲ್ಲಿ ಬೇಗ ಹೊಂದಿಕೊಳ್ಳುವ ಮನೆಗಳಿಗೂ ಸುಮಾರು 4 ವರ್ಷ ಬೇಕು, ಹೆಚ್ಚಿನ ಮನೆಗಳಿಗೆ 7 ವರ್ಷದ ಹತ್ತಿರ. ನೀವು ಒಂದೂವರೆ ವರ್ಷಕ್ಕೆ ಫಲಿತಾಂಶ ಕೇಳುತ್ತಿದ್ದೀರಿ. ತೆಂಗಿನ ಸಸಿ ನೆಟ್ಟು ಮರುವರ್ಷ ಎಳನೀರು ಕೇಳಿದ ಹಾಗಾಯಿತು. ಮಕ್ಕಳ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಚಿತ್ರದಲ್ಲಿ ಏಳು ವರ್ಷದ ಬೆನ್ ಬೇಗ ಒಲಿಯುತ್ತಾನೆ, ಹನ್ನೆರಡರ ಆನಾ ಉರಿದುಬೀಳುತ್ತಾಳೆ. ಇದನ್ನು ಚಿತ್ರ ಸರಿಯಾಗಿಯೇ ಹಿಡಿದಿದೆ. ಹರೆಯದ ಹೊಸ್ತಿಲಲ್ಲಿರುವ ಹುಡುಗಿ ಮತ್ತು ಹೊಸ ತಾಯಿ, ಈ ಜೋಡಿಯೇ ಎಲ್ಲಕ್ಕಿಂತ ಕಷ್ಟದ್ದು. ನಿಮ್ಮವಳಿಗೆ ಒಂಬತ್ತು. ಬೆನ್‌ನ ವಯಸ್ಸು ದಾಟಿದ್ದಾಳೆ, ಆನಾಳ ವಯಸ್ಸಿಗೆ ಇನ್ನೂ ಮೂರು ವರ್ಷವಿದೆ. ಆ ಮೂರು ವರ್ಷ ನಿಮ್ಮ ಕೈಯಲ್ಲಿದೆ.

ಚಿತ್ರವನ್ನು ಮಗುವಿಗೆ ತೋರಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅಮೆರಿಕದಲ್ಲೇ ಅದಕ್ಕೆ ಪಿಜಿ-13 ಎಂಬ ಪ್ರಮಾಣಪತ್ರವಿದೆ, ಅಂದರೆ ಹದಿಮೂರಕ್ಕಿಂತ ಚಿಕ್ಕವರ ಬಗ್ಗೆ ಪೋಷಕರು ಯೋಚಿಸಿ ತೀರ್ಮಾನಿಸಬೇಕು. ನನ್ನ ಕಾರಣ ಅದಲ್ಲ. ನೀವು ಆ ಚಿತ್ರವನ್ನು ಇಸಬೆಲ್‌ಳ ಕಣ್ಣಿನಿಂದ ನೋಡಿ ಅತ್ತಿರಿ. ನಿಮ್ಮ ಮಗಳು ನೋಡುವುದು ಆನಾಳ ಕಣ್ಣಿನಿಂದ. ಅವಳಿಗೆ ಕಾಣುವ ಕತೆ ಇಷ್ಟೇ: ಹೊಸ ಹೆಂಗಸು ಮನೆಗೆ ಬಂದಳು, ನಮ್ಮ ಅಮ್ಮನಿಗೆ ಕಾಯಿಲೆ ಬಂತು, ಅಮ್ಮ ಹೋಗುವ ಹೊತ್ತಿಗೆ ನಾವು ಹೊಸಬಳನ್ನು ಒಪ್ಪಿಕೊಂಡೆವು. ಜಾಕಿ ಸಾಯುವುದನ್ನು ಪರದೆಯ ಮೇಲೆ ತೋರಿಸುವುದಿಲ್ಲ, ಆದರೆ ಅವಳು ಉಳಿಯುವುದಿಲ್ಲ ಎಂಬುದು ಮಕ್ಕಳಿಗೂ ತಿಳಿಯುವಂತಿದೆ. ಮುಂದಿನ ಸಲ ಹಾಸನದ ಅಮ್ಮ ಫೋನಿನಲ್ಲಿ ಕೆಮ್ಮಿದರೆ ಈ ಮಗುವಿನ ಎದೆ ಏನಾದೀತು?

ಚಿತ್ರದ ದೊಡ್ಡ ಸುಳ್ಳು ನನಗೆ ಕಾಣುವುದೂ ಇಲ್ಲೇ. ಇಬ್ಬರು ತಾಯಂದಿರು ಒಂದೇ ಕಾಲದಲ್ಲಿ, ಆರೋಗ್ಯವಾಗಿ, ವರ್ಷಗಟ್ಟಲೆ ಒಂದು ಮಗುವನ್ನು ಹಂಚಿಕೊಳ್ಳುವುದು ಹೇಗೆ ಎಂಬ ಕಷ್ಟದ ಪ್ರಶ್ನೆಯನ್ನು ಎತ್ತಿ, ಉತ್ತರ ಹೇಳುವ ಮೊದಲೇ ಒಬ್ಬಳನ್ನು ಕಾಯಿಲೆಗೆ ಕೊಟ್ಟುಬಿಡುತ್ತದೆ. ರೋಗದ ಮುಂದೆ ಯಾರ ಜಗಳ ತಾನೇ ನಿಂತೀತು? ನಿಮ್ಮ ಮನೆಯಲ್ಲಿ ಅಂಥ ರಾಜಿ ಬರುವುದಿಲ್ಲ, ಬರಲೂಬಾರದು. ಹಾಸನದ ತಾಯಿ ನೂರು ವರ್ಷ ಬಾಳಲಿ. ಅವರು ಬಾಳುತ್ತಿರುವಾಗಲೇ ನೀವೂ ಈ ಮಗುವಿಗೆ ಬೇಕಾದವರಾಗಬೇಕು. ಖಾಲಿಯಾದ ಜಾಗಕ್ಕೆ ಬರುವುದು ಒಂದು ರೀತಿ, ಯಾರ ಜಾಗವನ್ನೂ ಖಾಲಿ ಮಾಡಿಸದೆ ಬರುವುದು ಬೇರೆ ರೀತಿ. ನಿಮ್ಮದು ಎರಡನೆಯದು.

ನಮ್ಮ ಪುರಾಣದಲ್ಲೂ ಇಂಥವರು ಅಪರೂಪ. ಕುಂತಿ ಮಾದ್ರಿಯ ಮಕ್ಕಳನ್ನು ತನ್ನವರಂತೆಯೇ ಸಾಕಿದಳು. ಪಾಂಡವರು ಕಾಡಿಗೆ ಹೊರಟಾಗ ದ್ರೌಪದಿಯನ್ನು ಕರೆದು, ಸಹದೇವನನ್ನು ಚೆನ್ನಾಗಿ ನೋಡಿಕೋ ಎಂದು ಹೇಳುತ್ತಾಳೆ. ತಾನು ಹೆತ್ತವರ ಹೆಸರಲ್ಲ, ಮಾದ್ರಿ ಹೆತ್ತವನ ಹೆಸರು. ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಆದರೆ ಅಲ್ಲಿ ಮಾದ್ರಿ ಇಲ್ಲ. ಹೆತ್ತವಳೂ ಇದ್ದು ಇನ್ನೊಬ್ಬಳೂ ಇದ್ದ ಮನೆ ಬೇಕೆಂದರೆ ಕೈಕೇಯಿಯ ಹತ್ತಿರ ಹೋಗಬೇಕು. ರಾಮನ ಪಟ್ಟಾಭಿಷೇಕದ ಸುದ್ದಿ ತಂದ ಮಂಥರೆಗೆ ಅವಳು ಮೊದಲು ಕೊಟ್ಟದ್ದು ಒಡವೆ. ರಾಮನೂ ಭರತನೂ ನನಗೆ ಬೇರೆಯಲ್ಲ ಎಂಬುದು ಅವಳ ಮೊದಲ ಮಾತು. ಅದು ಕೆಟ್ಟದ್ದು ಹೊರಗಿನ ಒಂದು ನಾಲಿಗೆಯಿಂದ.

ಆ ನಾಲಿಗೆ ನಿಮ್ಮ ಬೀದಿಯಲ್ಲೂ ಇದೆ. ಮಲತಾಯಿ ಎಂದರೆ ಅನ್ಯಾಯ ಮಾಡುವವಳು ಎಂದೇ ನಮ್ಮ ಭಾಷೆಗೆ ರೂಢಿಯಾಗಿದೆ. ತೆರಿಗೆ ಪಾಲು ಕಡಿಮೆ ಬಂದರೂ ಪತ್ರಿಕೆಯ ತಲೆಬರಹ 'ಮಲತಾಯಿ ಧೋರಣೆ' ಎಂದೇ. ಹೂವು ಮಾರುವವರು, ಪಕ್ಕದ ಮನೆಯವರು, ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟರು ಮಗುವಿನ ಗಲ್ಲ ಹಿಡಿದು "ಹೊಸ ಅಮ್ಮ ಚೆನ್ನಾಗಿ ನೋಡ್ಕೊತಾಳಾ ಪುಟ್ಟಿ? ಹೊಡಿಯಲ್ಲ ತಾನೇ?" ಎಂದು ಕೇಳುತ್ತಾರೆ. ಕನಿಕರದ ದನಿಯಲ್ಲಿ ಕೇಳಿದ ಆ ಒಂದು ಮಾತು ನಿಮ್ಮ ಆರು ತಿಂಗಳ ಕೆಲಸವನ್ನು ಅಳಿಸಬಲ್ಲದು. ಇದನ್ನು ನೀವು ತಡೆಯಲಾಗದು, ನಿಮ್ಮ ಯಜಮಾನರು ತಡೆಯಬೇಕು. "ನಮ್ಮ ಮಗು ಹತ್ರ ಇಂಥದ್ದೆಲ್ಲ ಕೇಳ್ಬೇಡಿ" ಎಂದು ಅವರು ಎಲ್ಲರೆದುರು ಒಮ್ಮೆ ಗಟ್ಟಿಯಾಗಿ ಹೇಳಿದರೆ ಸಾಕು. ಅದು ಮಗುವಿನ ಕಿವಿಗೂ ಬೀಳಲಿ.

ಯಜಮಾನರ ಮಾತು ಬಂತು. ನಿಮ್ಮ ಪತ್ರದಲ್ಲಿ ಅತ್ತೆ ಇದ್ದಾರೆ, ಗೆಳತಿ ಇದ್ದಾರೆ, ಹಾಸನದ ತಾಯಿ ಇದ್ದಾರೆ. ಅವರು ಮಾತ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚಿತ್ರದಲ್ಲೂ ಹಾಗೆಯೇ, ಲ್ಯೂಕ್ ಒಳ್ಳೆಯವನು, ಆದರೆ ಸದಾ ಕೆಲಸದ ಮೇಲೆ. ಮಕ್ಕಳನ್ನು ಎಬ್ಬಿಸುವುದು, ಶಾಲೆಗೆ ಬಿಡುವುದು, ಬೈಸಿಕೊಳ್ಳುವುದು ಎಲ್ಲ ಇಸಬೆಲ್‌ಳ ಪಾಲು. ಸೆಂಟ್ರಲ್ ಪಾರ್ಕಿನಲ್ಲಿ ಫೋಟೋ ತೆಗೆಯುವ ಕೆಲಸದ ನಡುವೆ ಬೆನ್ ಅವಳ ಕಣ್ತಪ್ಪಿಸಿ ಹೋಗುತ್ತಾನೆ. ಎಲ್ಲರೂ ಅವಳ ಮೇಲೆ ಮುಗಿಬೀಳುತ್ತಾರೆ. ಕೆಲಸದ ಜಾಗಕ್ಕೆ ಮಗುವನ್ನು ಕರೆದೊಯ್ಯುವ ಪರಿಸ್ಥಿತಿ ಯಾಕೆ ಬಂತು, ಅಪ್ಪ ಎಲ್ಲಿದ್ದ ಎಂದು ಯಾರೂ ಜೋರಾಗಿ ಕೇಳುವುದಿಲ್ಲ. ನನಗೆ ಅಲ್ಲಿ ಸಿಟ್ಟೇ ಬರುತ್ತದೆ.

ಆದ್ದರಿಂದ ಒಂದು ಕಟ್ಟುನಿಟ್ಟು ಮಾಡಿಕೊಳ್ಳಿ. ಮುಂದಿನ ಎರಡು ವರ್ಷ ಬೈಯುವುದು, ಮೊಬೈಲ್ ಕಿತ್ತಿಡುವುದು, ಓದಲು ಕೂರಿಸುವುದು ಅಪ್ಪನ ಕೆಲಸ. ಅವರು ಮನೆಯಲ್ಲಿ ಇಲ್ಲದಾಗ "ಒಂಬತ್ತಕ್ಕೆ ಮಲಗ್ಬೇಕು ಅಂತ ಅಪ್ಪ ಹೇಳಿದ್ದಾರೆ" ಎಂದು ನೆನಪಿಸಿ, ಅಷ್ಟೇ. ಇದರಿಂದ ನೀವು ಸಣ್ಣವರಾಗುವುದಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಮೇವಿಸ್ ಹೆದರಿಂಗ್ಟನ್ ಸುಮಾರು 1,400 ಕುಟುಂಬಗಳನ್ನು ಮೂರು ದಶಕದುದ್ದಕ್ಕೂ ಗಮನಿಸಿದರು. ಅವರ ಕೆಲಸದಲ್ಲೂ ಕಾಣುವುದಿದೇ: ಹೊಸದಾಗಿ ಬಂದವರು ಮೊದಲು ಸ್ನೇಹ ಬೆಳೆಸಿ, ಶಿಸ್ತನ್ನು ಹೆತ್ತವರ ಕೈಗೇ ಬಿಟ್ಟ ಮನೆಗಳು ಚೆನ್ನಾಗಿ ನಿಲ್ಲುತ್ತವೆ. ಇನ್ನೊಂದು, ವಾರದಲ್ಲಿ ಒಂದು ಸಂಜೆ ಅಪ್ಪ ಮಗಳು ಇಬ್ಬರೇ ಹೊರಗೆ ಹೋಗಲಿ, ನೀವಿಲ್ಲದೆ. ನಿಮ್ಮಿಂದಾಗಿ ಅಪ್ಪ ಕೈತಪ್ಪಿದರು ಎಂಬ ಭಯ ಅವಳಲ್ಲಿದ್ದರೆ ಅದಕ್ಕೆ ಇದೇ ಮದ್ದು.

ಹಾಗಾದರೆ ನನ್ನ ಪಾಲಿಗೆ ಏನುಳಿಯಿತು ಎನ್ನುತ್ತೀರೇನೋ. ನಗು ಉಳಿಯಿತು. ಹನ್ನೊಂದು ವರ್ಷದ ಹುಡುಗನ ಮಲತಂದೆಯೊಬ್ಬರು ನನ್ನ ಬಳಿ ಬರುತ್ತಿದ್ದರು. ಎರಡು ವರ್ಷ ಆ ಹುಡುಗ ಅವರ ಜೊತೆ ಹೂಂ, ಉಹೂಂ ಬಿಟ್ಟು ಮಾತಾಡಿರಲಿಲ್ಲ. ಕ್ರಿಕೆಟ್ ಬ್ಯಾಟ್, ಸೈಕಲ್ ಏನು ತಂದುಕೊಟ್ಟರೂ ಥ್ಯಾಂಕ್ಸ್ ಹೇಳಿ ಮೂಲೆಗಿಡುತ್ತಿದ್ದ. ಒಂದು ಜನವರಿಯ ಸಂಜೆ ಹಿತಕಿದವರೆ ಸಾರಿಗೆಂದು ನೆನೆಸಿದ ಅವರೆಕಾಳಿನ ಬೋಗುಣಿಯನ್ನು ಅಮ್ಮ ಇಬ್ಬರ ಮುಂದಿಟ್ಟು ಹೋದರು. ಇವರಿಗೆ ಹಿತುಕಿ ಅಭ್ಯಾಸವಿಲ್ಲ. ಒತ್ತಿದ ಕಾಳು ಚಿಮ್ಮಿ ಹೋಗಿ ಟೀವಿಯ ಮೇಲೆ ಬಿತ್ತು. ಹುಡುಗ ಕಿಸಕ್ಕನೆ ನಕ್ಕ. "ಹಂಗಲ್ಲ, ಹಿಂಗೆ" ಎಂದು ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ತೋರಿಸಿದ. ಆಮೇಲೆ ಬೇಕೆಂದೇ ಒಂದನ್ನು ಇವರ ಕಡೆಗೆ ಚಿಮ್ಮಿಸಿದ. ಅರ್ಧ ಬೋಗುಣಿ ಮುಗಿಯುವಷ್ಟರಲ್ಲಿ ಗೋಡೆ, ಸೋಫಾ ಎಲ್ಲ ಕಡೆ ಕಾಳು. ಅವರು ಇದನ್ನು ನನ್ನೆದುರು ಹೇಳುವಾಗ ನಗುತ್ತಾ ನಗುತ್ತಾ ಅತ್ತುಬಿಟ್ಟರು.

ಎದುರುಬದುರು ಕೂತು "ನಿನಗೆ ನನ್ನ ಮೇಲೆ ಯಾಕೆ ಕೋಪ" ಎಂದು ಕೇಳಿದರೆ ಯಾವ ಮಗುವೂ ಉತ್ತರಿಸುವುದಿಲ್ಲ. ಪಕ್ಕಪಕ್ಕ ಕೂತು ಕೈಗೆ ಕೆಲಸ ಕೊಟ್ಟುಕೊಂಡರೆ ಬಾಯಿ ತಾನಾಗಿ ಬಿಡುತ್ತದೆ. ಚಿತ್ರದ ಇಸಬೆಲ್‌ಗೂ ಮಕ್ಕಳು ಹತ್ತಿರವಾಗುವುದು ಅವಳು ತಾಯಿಯಾಗಲು ಹೆಣಗುವಾಗ ಅಲ್ಲ, ಅವಳು ಅವಳಾಗಿದ್ದಾಗ. ನಿಮಗೆ ಏನು ಬರುತ್ತದೋ ನನಗೆ ಗೊತ್ತಿಲ್ಲ, ರಂಗೋಲಿಯೋ, ಸ್ಕೂಟರ್ ರಿಪೇರಿಯೋ, ಹಳೆ ಹಾಡೋ. ಅದನ್ನು ಅವಳಿಗೆ ಕಾಣುವ ಕಡೆ ಕೂತು ಮಾಡಿ, ಕರೆಯಬೇಡಿ.

'ಆಂಟಿ' ಎನ್ನುವುದರ ಬಗ್ಗೆ. ಅತ್ತೆಯವರಿಗೆ ನೋವಾಗದಂತೆ, ಆದರೆ ಸ್ಪಷ್ಟವಾಗಿ, ಮಗನೇ ಹೇಳಲಿ: ಈ ಮನೆಯಲ್ಲಿ ಯಾರೂ ಅವಳ ಬಾಯಿಂದ 'ಅಮ್ಮ' ಅನ್ನಿಸಬಾರದು. ಆ ಮಾತಿಗೆ ಅವಳಲ್ಲಿ ಒಡತಿ ಇದ್ದಾರೆ. ಕನ್ನಡದಲ್ಲಿ ನಮಗೊಂದು ಅನುಕೂಲವಿದೆ, ಚಿಕ್ಕಮ್ಮ ಎಂಬ ಪದ. ಅಮ್ಮನ ತಂಗಿಯೂ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮ, ಅಪ್ಪ ಮತ್ತೆ ಮದುವೆಯಾದವರೂ ಚಿಕ್ಕಮ್ಮ. ಅದರಲ್ಲಿ ಅಮ್ಮ ಇದ್ದಾಳೆ, ಅಮ್ಮನ ಜಾಗ ಕಿತ್ತುಕೊಂಡವಳಿಲ್ಲ. ಆದರೆ ಅದನ್ನೂ ಹೇರಬೇಡಿ. "ನೀನು ನನ್ನನ್ನ ಏನಂತ ಕರೆದ್ರೆ ನಿಂಗೆ ಸರಿ ಅನ್ಸತ್ತೆ?" ಎಂದು ಒಮ್ಮೆ ಕೇಳಿ ಸುಮ್ಮನಾಗಿ. ಆಂಟಿ ಅಂದರೆ ಆಂಟಿಯೇ.

ಶಾಲೆಯ ಫಾರ್ಮಿನಲ್ಲಿ ತಾಯಿಯ ಹೆಸರು ಹಾಸನದವರದೇ ಇರಬೇಕು. ಕಾನೂನೂ ಇದನ್ನೇ ಹೇಳುತ್ತದೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ ಸಹಜ ಪಾಲಕರ ವಿಷಯ ಹೇಳುವಾಗ 'ತಾಯಿ' ಎಂದರೆ ಮಲತಾಯಿ ಸೇರುವುದಿಲ್ಲ ಎಂದು ಬಿಡಿಸಿಯೇ ಬರೆದಿದೆ. ಇಷ್ಟು ಮಾಡಿ: ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಗೆ, ತುರ್ತು ಫೋನ್ ನಂಬರಿಗೆ ನಿಮ್ಮ ಹೆಸರು ಸೇರಿಸುವಂತೆ ತಂದೆ ಶಾಲೆಗೆ ಪತ್ರ ಕೊಡಲಿ, ಮತ್ತು ಅದನ್ನು ಹಾಸನಕ್ಕೂ ತಿಳಿಸಲಿ. ಒಂದು ವಿಚಿತ್ರ ಸಮಾಧಾನವೂ ಇದೆ. ಪೋಷಕರು ಮತ್ತು ಹಿರಿಯ ನಾಗರಿಕರ ನಿರ್ವಹಣೆ ಕುರಿತ 2007ರ ಕಾಯ್ದೆಯಲ್ಲಿ 'ಪೋಷಕರು' ಎಂಬ ಮಾತಿನೊಳಗೆ ಮಲತಾಯಿ, ಮಲತಂದೆ ಇಬ್ಬರೂ ಇದ್ದಾರೆ.

ಕೊನೆಗೆ ಹುಟ್ಟುಹಬ್ಬ. ಚಿತ್ರದಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು ಮನಸ್ಸು ಬಿಚ್ಚುವ ದೃಶ್ಯ ನಿಮಗೆ ನೆನಪಿರಬೇಕು. ಆನಾಳ ಮದುವೆಯ ದಿನ ಅವಳು ಅಮ್ಮ ಇದ್ದಿದ್ದರೆ ಎಂದುಕೊಂಡಾಳು ಎಂಬ ಭಯ ಇಸಬೆಲ್‌ಗೆ, ಹಾಗೆ ಅಂದುಕೊಳ್ಳದೆಯೇ ಇದ್ದುಬಿಟ್ಟರೆ ಎಂಬ ಭಯ ಜಾಕಿಗೆ. ನಿಮ್ಮ ಭಯ ನನಗೆ ಬರೆದಿದ್ದೀರಿ. ಹಾಸನದಿಂದ ಬಸ್ಸು ಹತ್ತಿ ಬರುವವರ ಎದೆಯಲ್ಲಿ ಇರುವುದು ಇನ್ನೊಂದು. ಮೈಸೂರಿನ ಮನೆಯ ಸೋಫಾದ ಮೇಲೆ ಅತಿಥಿಯ ಹಾಗೆ ಕೂತು, ತನ್ನ ಮಗಳ ನೀರಿನ ಲೋಟ ಎಲ್ಲಿದೆ ಎಂದು ಇನ್ನೊಬ್ಬಳನ್ನು ಕೇಳಬೇಕಾದ ತಾಯಿ ಅವರು. ಬಂದ ಕೂಡಲೇ "ಕೇಕ್ ಯಾವುದು ಬೇಕು ಅಂತ ಅವಳು ನಿಮ್ಮನ್ನೇ ಕೇಳ್ಬೇಕು ಅಂತಿದ್ಲು" ಎಂಬಂಥ ಒಂದು ಮಾತು, ಅದು ನಿಜವಾಗಿದ್ದರೆ ಮಾತ್ರ, ಹೇಳಿ. ಬೆಳಗ್ಗೆ ಜಡೆ ಅವರೇ ಹಾಕಲಿ.

ಫೋಟೋ ವಿಷಯ. ಚಿತ್ರದ ಕೊನೆಯಲ್ಲಿ ಕ್ರಿಸ್ಮಸ್ ಬೆಳಗ್ಗೆ ಇಸಬೆಲ್ ಕ್ಯಾಮೆರಾ ಹಿಡಿದು ಆ ನಾಲ್ವರ ಚಿತ್ರ ತೆಗೆಯುತ್ತಿರುತ್ತಾಳೆ. ಆಮೇಲೆ ಅವಳನ್ನೂ ಚೌಕಟ್ಟಿನೊಳಕ್ಕೆ ಕರೆಯುವವಳು ಜಾಕಿ. ತಾನಾಗಿ ನುಗ್ಗುವುದಿಲ್ಲ, ಗಂಡಸು ಎಳೆದು ನಿಲ್ಲಿಸುವುದಿಲ್ಲ, ಹೆತ್ತವಳು ಕರೆಯುತ್ತಾಳೆ. ನೀವು ಮೊದಲು ಅಪ್ಪ, ಅಮ್ಮ, ಮಗಳ ಫೋಟೋ ನಿಮ್ಮ ಫೋನಿನಲ್ಲಿ ತೆಗೆಯಿರಿ. ಎರಡು ಮೂರು ತೆಗೆಯಿರಿ, ಕಣ್ಣು ಮುಚ್ಚಿದ್ದರೆ ಇನ್ನೊಂದು. ಅವರು ಕರೆದರೆ ಹೋಗಿ ಪಕ್ಕ ನಿಲ್ಲಿ. ಕರೆಯದಿದ್ದರೆ ಈ ವರ್ಷಕ್ಕೆ ಬೇಡ, ಕೇಕ್ ಹಂಚಲು ಹೊರಡಿ. ಚೆನ್ನಾಗಿ ಬಂದ ಒಂದನ್ನು ಪ್ರಿಂಟ್ ಹಾಕಿಸಿ ಮಗುವಿನ ಓದುವ ಮೇಜಿನ ಮೇಲೆ ಇಡಿ, ಇನ್ನೊಂದು ಪ್ರತಿ ಹಾಸನಕ್ಕೆ ಕಳಿಸಿ. ದಸರಾ ರಜೆ ಮುಗಿಸಿ ಅವಳು ವಾಪಸು ಬಂದ ಮೇಲೆ ನನಗೆ ಬರೆಯಿರಿ. ಬೈತಲೆ ಎಲ್ಲಿಂದ ತೆಗೆಯಬೇಕಂತೆ ಎಂದು ತಿಳಿಯುವ ಆಸೆ ನನಗೂ ಇದೆ.